ದಾವಣಗೆರೆಯ ತಂಗಿಗೆ ಎಸ್ಲಿಂಗನ್‌ನಿಂದ ಉತ್ತರ

ತಂಗಿ,

ನಿನ್ನ ಪತ್ರ ಸಂಕ್ರಾಂತಿಯ ಮರುದಿನ ಬಂತು. ಅಕ್ಕ ಎಂದು ಕರೆದು ಬರೆದಿದ್ದೀಯ. ಹಾಗೆ ಕರೆದ ಮೇಲೆ ನಾನು ‘ನೀವು’ ಎನ್ನುವುದು ಚೆನ್ನಾಗಿರುವುದಿಲ್ಲ, ನೀನು ಎಂದೇ ಬರೆಯುತ್ತೇನೆ. ನಿನ್ನ ಯಜಮಾನರು ಅಕ್ಟೋಬರ್‌ನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಕೆಲಸಕ್ಕೆ ಸೇರಿದ್ದಾರೆ, ಏಪ್ರಿಲ್‌ನಲ್ಲಿ ನೀನೂ ಮಗಳೂ ಹೊರಡುತ್ತೀರಿ. ಸಂಬಳ, ವೀಸಾ, ಬಾಡಿಗೆ ಮನೆಯ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಕೆಲಸ ಮುಗಿದ ಮೇಲಿನ ಬದುಕು ಹೇಗೆ ಎಂದು ಮಾತ್ರ ಯಾರೂ ಹೇಳುತ್ತಿಲ್ಲ ಎಂದು ಬರೆದಿದ್ದೀಯ. ಭಾನುವಾರ ಏನು ಮಾಡುತ್ತೀರಿ, ಮಗಳಿಗೆ ಜೊತೆ ಸಿಗುತ್ತದೆಯೇ, ಮನೆಯ ನಾಯಿ ಕರಿಯನನ್ನು ಕರೆತರಬಹುದೇ, ಒಂಟಿತನ ಕಾಡುವುದಿಲ್ಲವೇ ಎಂದು ನಾಲ್ಕು ಪ್ರಶ್ನೆ ಕೇಳಿದ್ದೀಯ. ಕೊನೆಯದರಿಂದಲೇ ಶುರು ಮಾಡುತ್ತೇನೆ. ಅದನ್ನು ಬಿಟ್ಟು ಉಳಿದ ಮೂರನ್ನು ಹೇಳಲು ನನಗೆ ಬರುವುದಿಲ್ಲ.

2018ರ ಜುಲೈನಲ್ಲಿ ಒಂದು ರಾತ್ರಿ ಮೂರು ಗಂಟೆಗೆ ಅರಸೀಕೆರೆಯಿಂದ ತಮ್ಮ ಫೋನ್ ಮಾಡಿದ. ಅಲ್ಲಿ ಆಗ ಬೆಳಿಗ್ಗೆ ಆರೂವರೆ. ಅಪ್ಪ ಹೋಗಿಬಿಟ್ಟಿದ್ದರು. ನಮ್ಮ ಮನೆಯವರು ಕಚೇರಿಯ ಕೆಲಸದ ಮೇಲೆ ಹಂಗೇರಿಗೆ ಹೋಗಿದ್ದರು. ಮನೆಯಲ್ಲಿ ಎಂಟು ವರ್ಷದ ಮಗ, ನಾಲ್ಕು ವರ್ಷದ ಮಗಳು, ಒಂದು ನಾಯಿ. ಬೆಳಿಗ್ಗೆ ಹತ್ತಕ್ಕೆ ಹೊರಡುವ ವಿಮಾನದಲ್ಲಿ ಒಂದು ಸೀಟು ಸಿಕ್ಕಿತು. ಕೆಳಮಹಡಿಗೆ ಇಳಿದು ಅಲ್ಲಿನ ಅಜ್ಜಿಯ ಬಾಗಿಲು ತಟ್ಟಿದೆ. ಆಕೆ ನನ್ನ ಮುಖ ನೋಡಿದರು, ಏನೂ ಕೇಳಲಿಲ್ಲ, ಕೈ ಚಾಚಿದರು. ನಾನು ಮನೆಯ ಕೀಲಿಕೈಯನ್ನು ಆ ಕೈಯಲ್ಲಿಟ್ಟೆ. ಮರುದಿನ ಸಂಜೆ ಮನೆಯವರು ಬಂದು ಸೇರುವ ತನಕ ಮಕ್ಕಳು ಆಕೆಯ ಮನೆಯಲ್ಲಿ ಉಂಡರು, ಮಲಗಿದರು. ಅಪ್ಪನ ಮುಖ ನೋಡಲು ನನಗಾಗಲಿಲ್ಲ. ಮೂರನೆಯ ದಿನದ ಹಾಲುತುಪ್ಪಕ್ಕೆ ಹೋಗಿ ತಲುಪಿದೆ. ಆ ನೋವು ಇನ್ನೂ ಇದೆ, ಅದು ಹೋಗುತ್ತದೆ ಎಂದು ನಿನಗೆ ಸುಳ್ಳು ಹೇಳಲಾರೆ. ಆದರೆ ಆ ರಾತ್ರಿ ತಟ್ಟಲು ನನಗೊಂದು ಬಾಗಿಲಿತ್ತು. ಪರದೇಶದಲ್ಲಿ ಒಂಟಿತನ ಕಾಡುತ್ತದೆಯೇ ಎಂದು ಕೇಳಿದರೆ ನಾನು ಕೊಡುವ ಉತ್ತರ ಇದು: ಮನೆಯ ಕೀಲಿಕೈ ಕೊಡಲು ಒಬ್ಬರು ಸಿಗುವ ತನಕ ಕಾಡುತ್ತದೆ. ಆ ಒಬ್ಬರು ಸಿಗುವುದು ಹಬ್ಬದ ಊಟದಲ್ಲಲ್ಲ. ನೀನು ಕೇಳಿದ ನಾಯಿ, ತೋಟ, ಮಕ್ಕಳ ಈಜು, ಭಾನುವಾರದ ನಡಿಗೆ, ಇವುಗಳಲ್ಲೇ ಸಿಗುತ್ತಾರೆ.

ನಾವು ಬಂದದ್ದು 2011ರಲ್ಲಿ. ಎಸ್ಲಿಂಗನ್ ನೆಕ್ಕರ್ ನದಿಯ ದಡದ ಊರು, ಸ್ಟುಟ್‌ಗಾರ್ಟ್‌ನಿಂದ ಲೋಕಲ್ ರೈಲಿನಲ್ಲಿ ಕಾಲು ಗಂಟೆಯ ಮೇಲೆ ಸ್ವಲ್ಪ. ಮೊದಲ ಎರಡು ವರ್ಷ ಪ್ರತಿ ಶನಿವಾರ ಮೂರು ಕನ್ನಡ ಕುಟುಂಬಗಳು ಒಂದೇ ಮನೆಯಲ್ಲಿ ಸೇರುತ್ತಿದ್ದೆವು. ಬಿಸಿಬೇಳೆಬಾತ್, ಮೊಸರನ್ನ, ಊರಿಗೆ ಯಾವಾಗ ವಾಪಸು ಎಂಬ ಮಾತು. ಅವರೆಲ್ಲ ಇಂದಿಗೂ ನನ್ನ ಬಂಧುಗಳೇ. ಆದರೆ ಮೂರೂ ಮನೆ ಮೂರು ಊರಿನಲ್ಲಿದ್ದವು. ಸೋಮವಾರದಿಂದ ಶುಕ್ರವಾರದ ತನಕ ನಮ್ಮ ಆರು ಮನೆಯ ಕಟ್ಟಡದಲ್ಲಿ ನಮಗೆ ಗೊತ್ತಿದ್ದದ್ದು ಕರೆಗಂಟೆಯ ಪಕ್ಕದಲ್ಲಿ ಬರೆದ ಹೆಸರುಗಳು ಮಾತ್ರ.

ಈ ಸೀಮೆಯ ಹೆಸರು ಶ್ವಾಬನ್. ಇಲ್ಲಿ ಕೇರ್‌ವೋಖೆ ಎಂಬ ಪದ್ಧತಿಯಿದೆ. ಹಾಗೆಂದರೆ ಗುಡಿಸುವ ವಾರ. ಕಟ್ಟಡದ ಮೆಟ್ಟಿಲು, ಮುಂಬಾಗಿಲು, ಕಾಲುದಾರಿ ಇವನ್ನು ವಾರಕ್ಕೊಂದು ಮನೆಯವರು ಸರದಿಯಂತೆ ಸ್ವಚ್ಛ ಮಾಡಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಪುಟ್ಟ ಹಲಗೆ ನೇತುಬೀಳುತ್ತದೆ, ವಾರ ಮುಗಿದ ಮೇಲೆ ಅದು ಪಕ್ಕದ ಬಾಗಿಲಿಗೆ ಹೋಗುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಬೆಳೆದವರಿಗೆ ಇದು ವಿಚಿತ್ರವೆನಿಸಬಹುದು. ಬೆಳಗಾದರೆ ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕಿದ ಮೇಲೆಯೇ ಒಲೆ ಹಚ್ಚುತ್ತಿದ್ದ ಮನೆಯಿಂದ ಬಂದ ನನಗೆ ಹಾಗೆನಿಸಲಿಲ್ಲ. ಹಲಗೆ ನಿನ್ನ ಬಾಗಿಲಿಗೆ ಬಂದಾಗ ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸಬೇಡ. ಶನಿವಾರ ಮಧ್ಯಾಹ್ನದೊಳಗೆ ನೀನೇ ಮಾಡು. ಮೆಟ್ಟಿಲ ಮೇಲೆ ಬಕೆಟ್ ಹಿಡಿದು ನಿಂತವಳನ್ನು ದಾಟಿ ಹೋಗುವಾಗ ಜನ ಮಾತಾಡಿಸಿಯೇ ಹೋಗುತ್ತಾರೆ.

ಹಿಮ ಬಿದ್ದರೆ ಅದನ್ನು ತೆಗೆಯುವುದೂ ಸರದಿಯವರ ಕೆಲಸವೇ, ಕೆಲಸದ ದಿನ ಬೆಳಿಗ್ಗೆ ಏಳರೊಳಗೆ. ನಮ್ಮ ಮೊದಲ ಚಳಿಗಾಲದಲ್ಲಿ ಸರದಿ ನಮಗೇ ಬಂದಿತ್ತು. ಆರೂವರೆಗೆ ಕತ್ತಲಲ್ಲಿ ಸಲಿಕೆ ಹಿಡಿದು ಹೇಗೆ ತಳ್ಳುವುದೆಂದು ತಿಳಿಯದೆ ನಿಂತಿದ್ದೆ. ಕೆಳಮಹಡಿಯ ಆ ಅಜ್ಜಿ ತಮ್ಮ ಸಲಿಕೆ ತಂದು ಪಕ್ಕದಲ್ಲಿ ನಿಂತು ತಳ್ಳತೊಡಗಿದರು. ಎತ್ತಬಾರದು, ದೂಡಬೇಕು ಎಂದು ಕೈಯಲ್ಲೇ ತೋರಿಸಿದರು. ಇಪ್ಪತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ. ಮುಗಿದ ಮೇಲೆ ತಲೆಯಾಡಿಸಿ ಒಳಗೆ ಹೋದರು.

ಆಮೇಲೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಆಕೆ ನನಗೆ ‘ಝೀ’, ನಾನು ಆಕೆಗೆ ‘ಝೀ’. ಜರ್ಮನ್ ಭಾಷೆಯಲ್ಲಿ ನಮ್ಮಂತೆಯೇ ನೀವು, ನೀನು ಎರಡೂ ಇವೆ. ‘ಝೀ’ ಎಂದರೆ ನೀವು, ‘ಡು’ ಎಂದರೆ ನೀನು. ಇಂಗ್ಲಿಷ್ ದೇಶಗಳಿಂದ ಇಲ್ಲಿಗೆ ಬಂದವರಿಗೆ ಇದು ತೊಡಕು, ನಮಗೆ ಹುಟ್ಟಿನಿಂದ ಬಂದ ವಿದ್ಯೆ. ಒಂದೇ ವ್ಯತ್ಯಾಸ. ನಮ್ಮಲ್ಲಿ ಅಕ್ಕ, ಅಣ್ಣ ಎಂದು ಸಂಬಂಧ ಹಚ್ಚಿಬಿಟ್ಟರೆ ದೂರ ತಾನಾಗಿ ಕರಗುತ್ತದೆ. ಇಲ್ಲಿ ಹಿರಿಯರೇ ಒಂದು ದಿನ ಬಾಯಿ ಬಿಟ್ಟು ‘ಇನ್ನು ಮೇಲೆ ಡು ಎಂದು ಕರೆಯೋಣವೇ’ ಎಂದು ಕೇಳಬೇಕು. ಕೇಳುವ ತನಕ ನೀನು ಮುಂದಾಗಬೇಡ. ತಡವಾಯಿತೆಂದು ಅವರನ್ನು ಕಲ್ಲುಮನಸ್ಸಿನವರೆಂದೂ ತಿಳಿಯಬೇಡ. ಕೇಳಿದ ಮೇಲೆ ಅವರು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಈಗ ನಾಯಿಯ ಮಾತು.

ಕರಿಯನನ್ನು ಕರೆತರಬಹುದು. ಏಪ್ರಿಲ್‌ಗೆ ಮಾತ್ರ ಆಗುವುದಿಲ್ಲ. ಯುರೋಪಿನ ಒಕ್ಕೂಟ ಭಾರತದಿಂದ ಬರುವ ನಾಯಿಗಳಿಗೆ ರೇಬೀಸ್ ವಿಷಯದಲ್ಲಿ ಕಟ್ಟುನಿಟ್ಟಾಗಿದೆ. ಮೊದಲು ಮೈಕ್ರೋಚಿಪ್ ಹಾಕಿಸಬೇಕು. ಆಮೇಲೆ, ಅಥವಾ ಅದೇ ದಿನ, ರೇಬೀಸ್ ಲಸಿಕೆ. ಚಿಪ್‌ಗೆ ಮುಂಚೆ ಹಾಕಿಸಿದ ಲಸಿಕೆ ಲೆಕ್ಕಕ್ಕಿಲ್ಲ, ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಲಸಿಕೆ ಹಾಕಿಸಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆಸಿ, ಒಕ್ಕೂಟ ಒಪ್ಪಿದ ಪ್ರಯೋಗಾಲಯಕ್ಕೆ ಕಳಿಸಬೇಕು. ಅದರಲ್ಲಿ ಪ್ರತಿಕಾಯದ ಪ್ರಮಾಣ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಈ ವಾರವೇ ಶುರು ಮಾಡಿದರೂ ಮೇ ಕೊನೆಯ ಹೊತ್ತಾಗುತ್ತದೆ. ಹೊರಡುವ ಮುಂಚೆ ಬೆಂಗಳೂರಿನ ಪ್ರಾಣಿ ಸಂಗರೋಧ ಕೇಂದ್ರದಲ್ಲಿ ಆರೋಗ್ಯ ಪ್ರಮಾಣಪತ್ರವನ್ನೂ ಪಡೆಯಬೇಕು. ಇನ್ನೊಂದು ಮಾತು, ಸಾಕಿದವರು ಪ್ರಯಾಣ ಮಾಡಿದ ದಿನದ ಹಿಂದುಮುಂದಿನ ಐದು ದಿನದೊಳಗೆ ನಾಯಿಯೂ ಪ್ರಯಾಣ ಮಾಡಿರಬೇಕು. ಆದ್ದರಿಂದ ನಾನು ಹೇಳುವುದು ಹೀಗೆ. ಚಿಪ್ ಮತ್ತು ಲಸಿಕೆಯನ್ನು ಈಗಲೇ ಮಾಡಿಸು. ರಕ್ತಪರೀಕ್ಷೆಯನ್ನು ಮಾರ್ಚ್‌ನಲ್ಲಿ ನೀನು ಹೊರಡುವ ಮುಂಚೆ ಮುಗಿಸು. ಕರಿಯ ನಿನ್ನ ಮಾವನವರ ಬಳಿಯೇ ಇರಲಿ. ಆಗಸ್ಟ್‌ನಲ್ಲಿ ಊರಿಗೆ ಹೋಗಿ ನೀವೇ ಕರೆತನ್ನಿ. ನಾಲ್ಕು ತಿಂಗಳು ಅವನಿಲ್ಲದೆ ಮಗಳು ಅಳುತ್ತಾಳೆ, ನಿಜ. ಆದರೆ ಕಾಗದ ಸರಿಯಿಲ್ಲದೆ ಬಂದ ನಾಯಿಯನ್ನು ವಾಪಸು ಕಳಿಸುತ್ತಾರೆ, ಇಲ್ಲವೇ ತಿಂಗಳುಗಟ್ಟಲೆ ಕೂಡಿಹಾಕುತ್ತಾರೆ. ಅದನ್ನು ಮಗುವೂ ತಾಳುವುದಿಲ್ಲ, ನಾಯಿಯೂ ತಾಳುವುದಿಲ್ಲ.

ಬಾಡಿಗೆ ಮನೆಯ ಕರಾರಿಗೆ ಸಹಿ ಹಾಕುವ ಮುಂಚೆಯೇ ನಾಯಿಯ ವಿಷಯ ಮಾಲೀಕರಿಗೆ ಹೇಳಿಬಿಡಿ. ನಾಯಿ ಬೆಕ್ಕುಗಳನ್ನು ಸಾರಾಸಗಟಾಗಿ ನಿಷೇಧಿಸುವ ಕರಾರು ಸಿಂಧುವಲ್ಲ ಎಂದು ಇಲ್ಲಿನ ಅತ್ಯುಚ್ಚ ಸಿವಿಲ್ ನ್ಯಾಯಾಲಯ 2013ರಲ್ಲೇ ತೀರ್ಪು ಕೊಟ್ಟಿದೆ. ಹಾಗೆಂದು ಜಗಳದಿಂದ ಮನೆವಾಸ ಶುರು ಮಾಡುವುದು ಬೇಡ. ನಾಯಿಗೆ ಪುರಸಭೆಗೆ ತೆರಿಗೆ ಕಟ್ಟಬೇಕು, ಊರಿಂದ ಊರಿಗೆ ಮೊತ್ತ ಬೇರೆ, ಎರಡನೆಯ ನಾಯಿಗೆ ಇನ್ನೂ ಹೆಚ್ಚು. ಬೆಕ್ಕಿಗೆ ತೆರಿಗೆಯಿಲ್ಲ. ನಾಯಿ ಯಾರನ್ನಾದರೂ ಬೀಳಿಸಿದರೆ, ಏನಾದರೂ ಹಾಳು ಮಾಡಿದರೆ ಭರಿಸಿಕೊಡುವ ವಿಮೆಯನ್ನು ತಪ್ಪದೆ ಮಾಡಿಸು.

ನಮ್ಮ ನಾಯಿ ಬಂದದ್ದು ಟೀರ್‌ಹೈಮ್‌ನಿಂದ, ಅಂದರೆ ಅನಾಥ ಪ್ರಾಣಿಗಳ ಆಶ್ರಯದಿಂದ, 2015ರಲ್ಲಿ. ದುಡ್ಡು ಕೊಟ್ಟ ಕೂಡಲೇ ಅಲ್ಲಿ ನಾಯಿ ಕೊಡುವುದಿಲ್ಲ. ದಿನಕ್ಕೆ ಎಷ್ಟು ಗಂಟೆ ಒಂಟಿಯಾಗಿರುತ್ತದೆ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ಮನೆಮಂದಿಯೆಲ್ಲ ಒಪ್ಪಿದ್ದಾರೆಯೇ ಎಂದು ಕೇಳಿದರು. ಮೂರು ಶನಿವಾರ ನಾವೇ ಹೋಗಿ ಅವಳನ್ನು ನಡೆದಾಡಿಸಿದೆವು, ಆಮೇಲೆ ಅವರು ಮನೆಗೆ ಬಂದು ನೋಡಿದರು. ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಬಂದಂತೆಯೇ ಇತ್ತು, ಅದು ನನಗೆ ಬಹಳ ಹಿಡಿಸಿತು. ಬಣ್ಣ ನೋಡಿ ಮಗ ‘ಬೆಲ್ಲ’ ಎಂದು ಹೆಸರಿಟ್ಟ. ಮನೆಯಲ್ಲಿ ಅವಳೊಂದಿಗೆ ಕನ್ನಡದಲ್ಲೇ ಮಾತು ಎಂದು ಮೊದಲ ದಿನವೇ ತೀರ್ಮಾನಿಸಿದೆವು. ಬಾ, ಕೂರು, ನಿಲ್ಲು, ಬೇಡ ಎಂಬುದನ್ನು ಎರಡು ವಾರದಲ್ಲಿ ಕಲಿತಳು. ನಾಯಿಗೆ ಆಜ್ಞೆ ಮಾಡಿದರೆ ಸಾಲದು, ಮುದ್ದಿಸಬೇಕು, ಗದರಬೇಕು, ಕಥೆ ಹೇಳಬೇಕು. ಮಕ್ಕಳು ತಮ್ಮತಮ್ಮಲ್ಲಿ ಜರ್ಮನ್ ಮಾತಾಡಿಕೊಂಡರೂ ಬೆಲ್ಲಳ ಪಕ್ಕ ಕುಳಿತಾಗ ಕನ್ನಡಕ್ಕೆ ಹೊರಳುತ್ತಾರೆ. ನನ್ನ ಮಗನ ಬಾಯಲ್ಲಿ ‘ಯಾಕಮ್ಮಾ, ಕಾಲು ನೋಯುತ್ತಿದೆಯಾ’ ಎಂಬಂಥ ಮಾತು ನಾನು ಕೇಳಿದ್ದು ಅವಳಿಗೆ ಹೇಳುವಾಗಲೇ. ಭಾಷೆ ಉಳಿಸಲು ಊರೂರಿನ ಕನ್ನಡಿಗರು ನಡೆಸುವ ತರಗತಿಗಳಿಗೂ ಕಳಿಸಿದ್ದೇನೆ, ಅವು ಬೇಕು. ಆದರೆ ಪ್ರೀತಿಸುವುದಕ್ಕೆ ಒಂದು ಜೀವ ಕನ್ನಡದಲ್ಲೇ ಇದ್ದದ್ದು ಅವಕ್ಕಿಂತ ದೊಡ್ಡದಾಯಿತು. ಕರಿಯ ದಾವಣಗೆರೆಯ ಕನ್ನಡ ಕೇಳಿಯೇ ಬೆಳೆದವನು. ಅವನನ್ನು ಕರೆತಾ.

ನಾಯಿ ಬಂದ ಮೇಲೆ ದಿನಕ್ಕೆ ಮೂರು ಸಲ ಒಂದೇ ದಾರಿ, ಅವೇ ಮುಖಗಳು. ನಾಲ್ಕು ವರ್ಷದಲ್ಲಿ ಆಗದಷ್ಟು ಪರಿಚಯ ನಾಲ್ಕು ತಿಂಗಳಲ್ಲಿ ಆಯಿತು. ಮೊದಲು ನಾಯಿಯ ಹೆಸರು ಕೇಳುತ್ತಾರೆ, ವಯಸ್ಸು ಕೇಳುತ್ತಾರೆ, ನಿನ್ನ ಹೆಸರು ತಿಂಗಳಾದ ಮೇಲೆ. ಕೆಳಮಹಡಿಯ ಅಜ್ಜಿಯ ನಾಯಿ ಆ ವರ್ಷವೇ ಸತ್ತಿತ್ತು. ಆಕೆ ಬೆಲ್ಲಳನ್ನು ಮಧ್ಯಾಹ್ನ ಹೊರಗೆ ಕರೆದೊಯ್ಯಲೇ ಎಂದು ಸಂಕೋಚದಿಂದ ಕೇಳಿದರು. ನಾನು ಆಗಷ್ಟೇ ಅರ್ಧ ದಿನದ ಕೆಲಸಕ್ಕೆ ಸೇರಿದ್ದೆ. ಮೊದಲ ಸಲ ಕೀಲಿಕೈಯ ಜೋಡಿ ಮಾಡಿಸಿ ಕೊಟ್ಟದ್ದು ಆಗ, ನಾಯಿಯ ಸಲುವಾಗಿ.

ಆಕೆಗೆ ಊರ ಮೇಲಿನ ಇಳಿಜಾರಿನಲ್ಲಿ ಒಂದು ಗ್ಯೂಟ್ಲೆ ಇದೆ. ಈ ಸೀಮೆಯ ಮಾತಿನಲ್ಲಿ ಗ್ಯೂಟ್ಲೆ ಎಂದರೆ ಮನೆಯಿಂದ ದೂರವಿರುವ ಪುಟ್ಟ ಹಣ್ಣಿನ ತೋಟ. ನಾಲ್ಕು ಸೇಬಿನ ಮರ, ಎರಡು ಪ್ಲಮ್, ಒಂದು ಚೆರ್ರಿ, ಉಳಿದದ್ದು ಹುಲ್ಲು. ನಿಮಗೆ ಇಂಥದ್ದು ಬೇಕಿದ್ದರೆ ತೋಟಗಾರರ ಸಂಘಗಳಿವೆ. ಅವುಗಳ ತುಂಡುನೆಲ 400 ಚದರ ಮೀಟರ್ ಮೀರಬಾರದು, ಅದರಲ್ಲಿ ಕಟ್ಟುವ ಗುಡಿಸಲು 24 ಚದರ ಮೀಟರ್ ಮೀರಬಾರದು ಎಂದು ದೇಶದ ಕಾನೂನೇ ಇದೆ. ಸುಮಾರು ಮೂರನೆಯ ಒಂದು ಭಾಗದಲ್ಲಿ ಹಣ್ಣು ತರಕಾರಿ ಬೆಳೆಯಲೇಬೇಕು, ಬರೀ ಹುಲ್ಲುಹಾಸು ಮಾಡಿ ಕುರ್ಚಿ ಹಾಕಿಕೊಂಡು ಕೂರುವಂತಿಲ್ಲ. ದೊಡ್ಡ ಊರುಗಳಲ್ಲಿ ಕಾಯುವವರ ಪಟ್ಟಿ ಉದ್ದ, ಬಂದ ತಿಂಗಳೇ ಹೆಸರು ಬರೆಸಿಬಿಡಿ. ನಮಗೆ ಅಜ್ಜಿ ತಮ್ಮ ತೋಟದ ಒಂದು ಮೂಲೆ ಬಿಟ್ಟುಕೊಟ್ಟರು.

ಆ ಮೂಲೆಯಲ್ಲಿ ನಾನು ಅವರೆ ಹಾಕಿದೆ. ಒಬ್ಬರು ಪರಿಚಯದವರು ಕೊಟ್ಟ ಬೀಜ. ಏಪ್ರಿಲ್ ಕೊನೆಯಲ್ಲಿ ಬಿಸಿಲು ಬಿದ್ದದ್ದೇ ನೆಟ್ಟೆ. ಅಜ್ಜಿ ತಲೆಯಾಡಿಸಿ, ಇನ್ನೂ ಐಸ್‌ಹೈಲಿಗೆ ಕಳೆದಿಲ್ಲ ಎಂದರು. ಮೇ ಮಧ್ಯದ ಆ ನಾಲ್ಕೈದು ದಿನಗಳಿಗೆ ಒಬ್ಬೊಬ್ಬ ಸಂತರ ಹೆಸರಿದೆ, ಕೊನೆಯವಳು ಮೇ 15ರ ಕಾಲ್ಟೆ ಝೋಫಿ, ಚಳಿಯ ಸೋಫಿ. ಅವಳು ದಾಟುವ ತನಕ ಎಳೆಯ ಸಸಿ ಹೊರಗಿಡಬಾರದು ಎಂಬುದು ಇಲ್ಲಿನ ರೈತರ ಲೆಕ್ಕ. ನನ್ನ ಅಜ್ಜ ರೋಹಿಣಿ, ಮೃಗಶಿರ ಎಂದು ಮಳೆಯ ಹೆಸರು ಹೇಳಿ ಬಿತ್ತುತ್ತಿದ್ದದ್ದು ನೆನಪಾಯಿತು. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎಂಬುದನ್ನು ಆಕೆಗೆ ಜರ್ಮನ್‌ನಲ್ಲಿ ಬಿಡಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು. ಆಕೆ ಅದನ್ನು ತಮ್ಮ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ಮೇ 12ರ ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ನನ್ನ ಅವರೆ ಸಸಿಗಳೆಲ್ಲ ಕರಕಲಾದವು.

ಮತ್ತೆ ನೆಟ್ಟೆ. ಬಳ್ಳಿ ಚೆರ್ರಿ ಮರದ ತುದಿಗೆ ಹೋಯಿತು, ಒಂದು ಹೂವಿಲ್ಲ. ಅವರೆಯ ನಾಡತಳಿ ಹಗಲು ಕುಗ್ಗಿದ ಮೇಲೆಯೇ ಹೂ ಬಿಡುವ ಬೆಳೆ. ಅದಕ್ಕೇ ನಮ್ಮಲ್ಲಿ ಅದು ಚಳಿಗಾಲದ ಕಾಯಿ, ಸೊಗಡು ಬರುವುದೂ ಆಗಲೇ. ಇಲ್ಲಿ ಜೂನ್‌ನಲ್ಲಿ ಹಗಲು ಹದಿನಾರು ಗಂಟೆ. ಹಗಲು ಕುಗ್ಗಿ ಹೂ ಕಾಣುವಷ್ಟರಲ್ಲಿ ಅಕ್ಟೋಬರ್‌ನ ಚಳಿ ಹೊಡೆಯುತ್ತದೆ. ಹಗಲಿನ ಅಳತೆಗೆ ಕಾಯದೆ ಹೂ ಬಿಡುವ ಹೆಬ್ಬಾಳ ಅವರೆ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬೆಳೆಸಿದೆ ಎಂದು ಆಮೇಲೆ ತಿಳಿಯಿತು. ಆದರೆ ಬೀಜವನ್ನು ಚೀಲದಲ್ಲಿ ಹಾಕಿಕೊಂಡು ಬರುವಂತಿಲ್ಲ. 2019ರ ಡಿಸೆಂಬರ್‌ನಿಂದ ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದ ಬೀಜ, ಗಿಡ, ಹೆಚ್ಚುಕಡಿಮೆ ಎಲ್ಲ ಹಣ್ಣುಗಳನ್ನೂ ವಿಮಾನ ನಿಲ್ದಾಣದಲ್ಲಿ ತೆಗೆದುಕೊಳ್ಳುತ್ತಾರೆ. ನೀನೂ ತರಬೇಡ. ನಾನು ಈಗ ಮೆಂತ್ಯ, ಕೊತ್ತಂಬರಿ, ಕುಂಬಳ ಹಾಕುತ್ತೇನೆ. ಅಜ್ಜಿ ಹಾಕುವ ಕೆಂಪು ಹೂವಿನ ದಪ್ಪ ಹುರುಳಿಕಾಯಿಯ ಎಳೆಯ ಕಾಳನ್ನು ಬಿಡಿಸಿ ಚೆನ್ನಾಗಿ ಬೇಯಿಸಿ ಹುಳಿ ಮಾಡಿದರೆ ನಾಲಿಗೆ ಒಪ್ಪುತ್ತದೆ. ಅವರೆ ಅಲ್ಲ, ಆದರೂ ಒಪ್ಪುತ್ತದೆ.

2016ರ ಸೆಪ್ಟೆಂಬರ್ ಕೊನೆ, ಸೇಬು ಕೀಳುವ ದಿನ. ನಾನು ಏಣಿಯ ಮೇಲಿದ್ದೆ, ಆಕೆ ಕೆಳಗೆ ಬುಟ್ಟಿ ಹಿಡಿದಿದ್ದರು. ತಲೆಯೆತ್ತಿ, ಇನ್ನು ‘ಡು’ ಎನ್ನು ಎಂದರು. ನಾನು ಏಣಿಯಿಂದ ಇಳಿದು ಬಂದು ಕೈ ಹಿಡಿದುಕೊಂಡೆ.

ನಿನ್ನ ಮಗಳ ಬಗ್ಗೆ. ಮೇ ತಿಂಗಳಲ್ಲಿ ಆರು ತುಂಬುತ್ತದೆ ಎಂದಿದ್ದೀಯ. ಈ ರಾಜ್ಯದಲ್ಲಿ ಜೂನ್ 30ರೊಳಗೆ ಆರು ತುಂಬಿದ ಮಕ್ಕಳು ಆ ಸೆಪ್ಟೆಂಬರ್‌ನಲ್ಲೇ ಒಂದನೆಯ ತರಗತಿ ಸೇರಬೇಕು. ಅಂದರೆ ಬಂದ ಐದು ತಿಂಗಳಿಗೆ ಶಾಲೆ. ಸೇರುವ ದಿನ ಪ್ರತಿ ಮಗುವೂ ಅರ್ಧ ಮೈಯುದ್ದದ ಬಣ್ಣದ ಕಾಗದದ ಶಂಕು ಹಿಡಿದು ಹೋಗುತ್ತದೆ, ಒಳಗೆ ಮಿಠಾಯಿ, ಪೆನ್ಸಿಲ್, ಪುಟ್ಟ ಆಟಿಕೆ. ಶೂಲ್‌ಟ್ಯೂಟೆ ಎನ್ನುತ್ತಾರೆ. ಅಂಗಡಿಯಲ್ಲಿ ಸಿಗುತ್ತದೆ, ಆದರೆ ಕೈಯಾರೆ ಮಾಡು, ಮಕ್ಕಳು ಅದನ್ನು ಎಷ್ಟೋ ವರ್ಷ ಇಟ್ಟುಕೊಳ್ಳುತ್ತಾರೆ. ಮಗ ಶಾಲೆಗೆ ಸೇರಿದ ಬೆಳಿಗ್ಗೆ ನನ್ನ ಅಮ್ಮ ಇಲ್ಲಿದ್ದರು. ತಟ್ಟೆಯಲ್ಲಿ ಅಕ್ಕಿ ಹರಡಿ ಅವನ ಬೆರಳು ಹಿಡಿದು ‘ಅ’ ಬರೆಸಿದರು. ಆಮೇಲೆ ಶಂಕುವಿನ ತಳಕ್ಕೆ ಎರಡು ತುಂಡು ಕೊಬ್ಬರಿ ಮಿಠಾಯಿ ಇಟ್ಟು ಕಳಿಸಿದರು.

ಜೊತೆ ಸಿಗುತ್ತದೆಯೇ ಎಂದರೆ, ತಾನಾಗಿ ಸಿಗುವುದಿಲ್ಲ. ನಮ್ಮೂರಿನಂತೆ ಮಕ್ಕಳು ಪಕ್ಕದ ಮನೆಗೆ ಓಡಿ ಹೋಗುವುದು ಕಡಿಮೆ. ಆಟಕ್ಕೂ ದಿನ, ಗಂಟೆ ಗೊತ್ತು ಮಾಡಬೇಕು. ಅದನ್ನು ಕಂಡು ಮನಸ್ಸು ಚಿಕ್ಕದು ಮಾಡಿಕೊಳ್ಳಬೇಡ, ನೀನೇ ಮೊದಲು ಕರೆ. ಜೊತೆಗೆ ಒಂದು ಫೆರೈನ್‌ಗೆ ಸೇರಿಸು. ಫೆರೈನ್ ಎಂದರೆ ಸಂಘ. ಇಲ್ಲಿ ಕುಣಿತ, ಜಿಮ್ನಾಸ್ಟಿಕ್ಸ್, ಹಾಡು, ಚದುರಂಗ, ಮೊಲ ಸಾಕಣೆ, ಎಲ್ಲಕ್ಕೂ ಸಂಘವಿದೆ. ವಾರಕ್ಕೊಮ್ಮೆ, ಅದೇ ಗಂಟೆಗೆ, ವರ್ಷಗಟ್ಟಲೆ ಹೋಗಬೇಕು. ಸ್ನೇಹ ಹುಟ್ಟುವುದು ಆ ಗಂಟೆಗಳಲ್ಲಿ. ಈಜು ಕಲಿಸುವುದನ್ನಂತೂ ಮುಂದೂಡಬೇಡ. ಕೊಳಕ್ಕೆ ಹಾರಿ, 25 ಮೀಟರ್ ಈಜಿ, ಹೆಗಲುದ್ದದ ನೀರಿನಿಂದ ಒಂದು ವಸ್ತುವನ್ನು ಎತ್ತಿ ತಂದರೆ ಸಮುದ್ರಕುದುರೆಯ ಚಿತ್ರವಿರುವ ಪುಟ್ಟ ಬಟ್ಟೆಯ ಬಿಲ್ಲೆ ಕೊಡುತ್ತಾರೆ, ಅದನ್ನು ಈಜುಡುಗೆಗೆ ಹೊಲಿಸಿಕೊಳ್ಳುತ್ತಾರೆ. ನನ್ನ ಮಗಳಿಗೆ ಅದಿಲ್ಲದೆ ಒಂದು ಬೇಸಿಗೆಯೆಲ್ಲ ಹುಟ್ಟುಹಬ್ಬಗಳಲ್ಲಿ ದಡದ ಮೇಲೆ ಕೂರುವುದಾಯಿತು. ಶಾಲೆ ಸೇರಿದ ಮೇಲೆ ರಜೆಯ ಹೊರತು ಊರಿಗೆ ಹೊರಡಲಾಗುವುದಿಲ್ಲ ಎಂಬುದೂ ತಿಳಿದಿರಲಿ. ಮದುವೆ, ಗೃಹಪ್ರವೇಶ ಎಂದು ಎರಡು ವಾರ ಬಿಡಿಸಿಕೊಂಡು ಹೋಗಲು ಬಿಡುವುದಿಲ್ಲ. ಬೇಸಿಗೆ ರಜೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಮಧ್ಯದ ತನಕ, ಟಿಕೆಟ್‌ಗಳನ್ನು ಈಗಲೇ ನೋಡು.

ಇನ್ನು ಭಾನುವಾರ. ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಹಾಲು, ತರಕಾರಿ, ನಾಯಿಯ ಊಟ, ಎಲ್ಲವನ್ನೂ ಶನಿವಾರವೇ ತಂದಿಡಬೇಕು. ಗೋಡೆಗೆ ಡ್ರಿಲ್ ಹಾಕುವಂತಿಲ್ಲ, ಗಾಜಿನ ಬಾಟಲಿಗಳನ್ನು ಬೀದಿಯ ಡಬ್ಬಕ್ಕೆ ಹಾಕುವಂತಿಲ್ಲ. ಮೊದಲ ವರ್ಷ ನನಗೆ ಆ ಮೌನ ಉಸಿರು ಕಟ್ಟಿಸುತ್ತಿತ್ತು. ಈಗ ಅದನ್ನು ಬಿಟ್ಟುಕೊಡಲಾರೆ. ಬೆಳಿಗ್ಗೆ ಎಂಟಕ್ಕೆ ಅಮ್ಮನಿಗೆ ಫೋನ್, ಅಲ್ಲಿ ಚಳಿಗಾಲದಲ್ಲಾದರೆ ಹನ್ನೆರಡೂವರೆ, ಊಟಕ್ಕೆ ಕೂರುವ ಹೊತ್ತು. ಆಮೇಲೆ ಬುತ್ತಿ ಕಟ್ಟಿಕೊಂಡು ಹೊರಡುತ್ತೇವೆ. ಚಪಾತಿ, ಚಟ್ನಿಪುಡಿ, ಸೌತೆಕಾಯಿ.

ಕಾರು ಕೊಳ್ಳುವ ಅವಸರ ಬೇಡ. ಊರೊಳಗಿನ ಬಸ್ಸು, ಟ್ರಾಮ್, ಪ್ರಾದೇಶಿಕ ರೈಲುಗಳಿಗೆಲ್ಲ ದೇಶದುದ್ದಕ್ಕೂ ಸಲ್ಲುವ ತಿಂಗಳ ಟಿಕೆಟ್ ಇದೆ. 2023ರ ಮೇ ತಿಂಗಳಲ್ಲಿ 49 ಯುರೋಗೆ ಶುರುವಾದದ್ದು ಈಗ, 2026ರ ಜನವರಿಯಿಂದ, 63 ಯುರೋ. ವೇಗದ ದೂರಪ್ರಯಾಣದ ರೈಲಿಗೆ ಮಾತ್ರ ಅದು ನಡೆಯುವುದಿಲ್ಲ. ನಮ್ಮ ಮನೆಯವರು ಸೇರಿರುವುದು ಶ್ವೇಬಿಷರ್ ಆಲ್ಬ್‌ಫೆರೈನ್ ಎಂಬ ಚಾರಣ ಸಂಘ. 1888ರಲ್ಲಿ ಇಲ್ಲೇ ಪಕ್ಕದ ಪ್ಲೋಕಿಂಗನ್‌ನಲ್ಲಿ ಹುಟ್ಟಿದ್ದು. ಕಾಡಿನ ದಾರಿಗಳಿಗೆ ಮರದ ಮೇಲೆ ಗುರುತು ಹಾಕುವವರು ಅವರ ಸ್ವಯಂಸೇವಕರೇ. ನಮ್ಮವರು ವರ್ಷಕ್ಕೆರಡು ದಿನ ಬಣ್ಣದ ಡಬ್ಬಿ ಹಿಡಿದು ಅವರ ಜೊತೆ ಹೋಗುತ್ತಾರೆ.

ಹತ್ತಿರದ ಜಾಗಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಬಾಡ್ ಉರಾಖ್. ಜಲಪಾತದ ಹೆಸರಿನ ಸ್ಟೇಷನ್ನೇ ಇದೆ, ಇಳಿದು ಹಳ್ಳದ ಗುಂಟ ನಡೆದರೆ 37 ಮೀಟರ್ ಧುಮುಕುವ ನೀರು. ಜೋಗ ಕಂಡವರಿಗೆ ಅದು ಎಳೆಯಷ್ಟು ತೆಳ್ಳಗೆ ಕಾಣಬಹುದು, ಆದರೆ ಪಾಚಿ ಹೊದ್ದ ಬಂಡೆ, ಬೀಚ್ ಮರಗಳ ನೆರಳು ಮಲೆನಾಡನ್ನೇ ತಂದು ನಿಲ್ಲಿಸುತ್ತವೆ. ಬ್ಲೌಬಾಯ್ರನ್‌ನಲ್ಲಿ ಬ್ಲೌಟೋಪ್ಫ್ ಎಂಬ ಬುಗ್ಗೆಯಿದೆ, ಸುಣ್ಣಕಲ್ಲಿನ ನೆಲದೊಳಗಿಂದ ಉಕ್ಕುವ ಸುಮಾರು 20 ಮೀಟರ್ ಆಳದ ನೀಲಿ ಕೊಳ. ದೊಡ್ಡ ಮಳೆ ಬಂದ ಮರುದಿನ ಹೋಗಬೇಡ, ನೀಲಿ ಕದಡಿ ಹಸಿರಾಗಿರುತ್ತದೆ. ಅದೇ ದಾರಿಯಲ್ಲಿ ಉಲ್ಮ್. ಅಲ್ಲಿನ ಚರ್ಚಿನ ಗೋಪುರ 161 ಮೀಟರ್ ದಾಟುತ್ತದೆ, 2025ರಲ್ಲಿ ಬಾರ್ಸಿಲೋನಾದ ಚರ್ಚ್ ಮೀರಿಸುವ ತನಕ ಲೋಕದಲ್ಲೇ ಎತ್ತರದ್ದು. 768 ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ್ದೇನೆ ಎಂದು ಅಮ್ಮ 2017ರಲ್ಲಿ ಹಟ ಹಿಡಿದು ಮೊದಲ ಅಟ್ಟದ ತನಕ ಹತ್ತಿದರು.

ಟ್ಯೂಬಿಂಗನ್‌ಗೆ ಮಾತ್ರ ನಾನೇ ನಿನ್ನನ್ನು ಕರೆದೊಯ್ಯುತ್ತೇನೆ. 1894ರಲ್ಲಿ ಅಚ್ಚಾದ ಕನ್ನಡ ನಿಘಂಟಿನ ಫರ್ಡಿನಂಡ್ ಕಿಟೆಲ್ ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ಕಣ್ಣು ಮುಚ್ಚಿದ ಊರು ಅದು. ಅಲ್ಲಿನ ವಿಶ್ವವಿದ್ಯಾಲಯವೇ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಇನ್ನೂ ಹೇಳಬೇಕೆಂದರೆ, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಈ ಎಸ್ಲಿಂಗನ್‌ನಲ್ಲೇ. ಬಂದ ಮೂರು ವರ್ಷದ ತನಕ ನನಗಿದು ಗೊತ್ತಿರಲಿಲ್ಲ. ಗೊತ್ತಾದ ಸಂಜೆ ಕೋಟೆಯ ಮೆಟ್ಟಿಲು ಹತ್ತಿ ಊರಿನ ಕೆಂಪು ಹೆಂಚುಗಳನ್ನು ಬಹಳ ಹೊತ್ತು ನೋಡಿದೆ. ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಮನುಷ್ಯ ಇದೇ ಓಣಿಗಳಲ್ಲಿ ಮುದುಕನಾಗಿ ನಡೆದಾಡಿದ್ದ. ಅವನೂ ಒಂದು ಕಾಲಕ್ಕೆ ಮಂಗಳೂರಿನ ಮಳೆಯಲ್ಲಿ ಹೊಸಬನಾಗಿ ನಿಂತು ಪಕ್ಕದ ಮನೆಯವರ ಮಾತು ಕಲಿತವನು.

ತರುವ ಸಾಮಾನಿನ ಪಟ್ಟಿ ಕಳಿಸಿದ್ದೀಯ. ತುಪ್ಪ ತೆಗೆದುಬಿಡು, ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ಇಲ್ಲಿನ ಬೆಣ್ಣೆ ಕಾಯಿಸಿದರೆ ಘಮಘಮ ತುಪ್ಪವಾಗುತ್ತದೆ, ಬಂದ ಮೇಲೆ ತೋರಿಸುತ್ತೇನೆ. ರಾಗಿಹಿಟ್ಟು ಸಿಗುತ್ತದೆ, ಹೊರಬೇಡ. ಸಾರಿನಪುಡಿ, ಮಗಳ ಕನ್ನಡ ಕಥೆಪುಸ್ತಕ, ಒಂದು ಒಳ್ಳೆಯ ರಂಗೋಲಿ ಡಬ್ಬಿ, ಇವು ಇರಲಿ. ನಿನಗೂ ಮಗಳಿಗೂ ಮಳೆಯ ಜಾಕೆಟ್, ನಡೆಯುವ ಬೂಟು ಇಲ್ಲೇ ಕೊಳ್ಳಿ.

ಬಂದ ವಾರದ ಶನಿವಾರ ಎಸ್ಲಿಂಗನ್‌ಗೆ ಬನ್ನಿ. ಹತ್ತೂವರೆಗೆ ಸ್ಟೇಷನ್ನಿನ ಮುಂದೆ ಬೆಲ್ಲಳನ್ನು ಹಿಡಿದು ನಿಂತಿರುತ್ತೇನೆ. ಅವಳಿಗೆ ಈಗ ಹದಿಮೂರು ವರ್ಷ, ಕೋಟೆಯ ಮೆಟ್ಟಿಲು ಹತ್ತಲಾರಳು, ನೆಕ್ಕರ್ ದಡದ ಗುಂಟ ನಿಧಾನ ನಡೆಯೋಣ. ಮಧ್ಯಾಹ್ನದ ಊಟಕ್ಕೆ ಕೆಳಮಹಡಿಯ ಅಜ್ಜಿಯೂ ಬರುತ್ತಾರೆ. ಮಗಳಿಗೆ ‘ಗುಟನ್ ಟಾಗ್’ ಒಂದನ್ನು ಕಲಿಸಿರು, ಉಳಿದದ್ದನ್ನು ಅವರೇ ಕಲಿಸುತ್ತಾರೆ. ಕರಿಯನಿಗೆ ಚಿಪ್ ಹಾಕಿಸಿದ ದಿನ ನನಗೊಂದು ಸಾಲು ಬರೆ, ದಿನಗಳನ್ನು ನಾನೂ ಎಣಿಸುತ್ತೇನೆ.

ನಿನ್ನ ಅಕ್ಕ